ಗುಡ್ಡದ ವರದಿಯಲ್ಲಿ ನಾನು ಬರೆದ ಸೊನ್ನೆ

ಆ ಸೊನ್ನೆಯನ್ನು ಬರೆದವಳು ನಾನೇ. ಯಾರೂ ಹೆದರಿಸಿ ಬರೆಸಲಿಲ್ಲ, ಯಾರೂ ಪುಸಲಾಯಿಸಲೂ ಇಲ್ಲ. ಜಮಖಂಡಿಯ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುತ್ತ ಬಂದ ನಾನು, ನನ್ನದೇ ಪೆನ್ನಿನಿಂದ, ಹಗಲು ಬೆಳಕಿನಲ್ಲಿ ಕೂತು ಬರೆದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಅವರಿವರ ಮೇಲೆ ಹರಿಹಾಯುವುದಿದೆ. ಆಗ ಓದುವವರು, ಈಕೆಯೇನು ಸಾಚಾ ಅಲ್ಲ ಎಂಬುದನ್ನು ನೆನಪಿಟ್ಟುಕೊಂಡಿರಲಿ.

ಬೀಳಗಿಗೂ ಮುಧೋಳಕ್ಕೂ ನಡುವೆ ಕುರುಚಲು ಗಿಡಗಳ ಒಂದು ಗುಡ್ಡಸಾಲು ಇದೆ. ಕಾರೆ, ಜಾಲಿ, ಕಳ್ಳಿ, ಮೊಣಕಾಲುದ್ದ ಹುಲ್ಲು. ಬಸ್ಸಿನಲ್ಲಿ ಹೋಗುವವರು ಅದನ್ನು ಬರಡು ಎಂದು ಕಿಟಕಿ ಮುಚ್ಚಿಕೊಂಡು ನಿದ್ದೆ ಮಾಡುತ್ತಾರೆ. ಅಲ್ಲಿ ಸುಣ್ಣದ ಕಲ್ಲಿನ ಗಣಿ ಮಾಡಲು ಒಂದು ಕಂಪನಿ ಅರ್ಜಿ ಹಾಕಿತ್ತು. ಗಣಿಗೆ ಒಪ್ಪಿಗೆ ಸಿಗಬೇಕಾದರೆ ಪರಿಸರದ ವರದಿ ಬೇಕು. ಗುಡ್ಡ ಅಗೆದರೆ ನೀರಿಗೆ ಏನಾಗುತ್ತದೆ, ಧೂಳು ಎಲ್ಲಿಗೆ ಹೋಗುತ್ತದೆ, ಅಲ್ಲಿರುವ ಪ್ರಾಣಿಗಳ ಗತಿ ಏನು ಎಂದೆಲ್ಲ ಅದರಲ್ಲಿ ಬರೆಯಬೇಕು. ವರದಿಯ ಗುತ್ತಿಗೆ ಹಿಡಿದವರು ದೂರದ ಊರಿನವರು. ಪ್ರಾಣಿಗಳ ಅಧ್ಯಾಯಕ್ಕೆ ಸ್ಥಳೀಯರೊಬ್ಬರು ಬೇಕೆಂದು ಹುಡುಕಿಕೊಂಡು ನನ್ನ ಹತ್ತಿರ ಬಂದರು. ನನಗೆ ಖುಷಿಯೇ ಆಯಿತು. ಗೋಡೆಗೆ ನೇತುಹಾಕಿದ ಕಪ್ಪೆಯ ಚಿತ್ರಕ್ಕೆ ಕೋಲು ತೋರಿಸಿ ತೋರಿಸಿ ಸಾಕಾಗಿತ್ತು.

ಹತ್ತು ದಿನ ಕೊಟ್ಟರು. ದಸರೆಯ ರಜೆ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಬೇಕು. ಬೆಳಕು ಹರಿಯುವ ಮೊದಲೇ ಬನಹಟ್ಟಿಯ ಮನೆ ಬಿಟ್ಟು, ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಬೀಳಗಿ ದಾರಿಯಲ್ಲಿ ಇಳಿದು ಗುಡ್ಡ ಹತ್ತುತ್ತಿದ್ದೆ. ನೇರ ಗೆರೆ ಹಿಡಿದು ನಡೆಯುವುದು, ಹೆಜ್ಜೆಗುರುತು ನೋಡುವುದು, ಹಿಕ್ಕೆ ನೋಡುವುದು, ಕಂಡದ್ದನ್ನು ಬರೆದುಕೊಳ್ಳುವುದು. ಇದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಅದೇ ನನಗೆ ದೊಡ್ಡ ಶಿಕ್ಷೆ. ನಮ್ಮ ಓಣಿಯ ತುಂಬ ಪವರ್‌ಲೂಮ್. ಅವುಗಳ ಖಟಖಟದ ಮೇಲೆ ಕೂಗಿ ಕೂಗಿ ಬೆಳೆದ ನಮಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ಮೊದಲ ದಿನ ಒಂದು ಮೊಲ ಕಂಡು ನನ್ನಷ್ಟಕ್ಕೆ ನಾನೇ "ಅಯ್ಯ, ಮೊಲ!" ಅಂದದ್ದಕ್ಕೆ ಗುಡ್ಡದ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿಹೋದವು.

ಕಾಲು ಸವೆದದ್ದೇ ಬಂತು. ಗುತ್ತಿಗೆಯವರು ಕೊಟ್ಟ ಆರು ಕ್ಯಾಮೆರಾಗಳನ್ನು ಅವರೇ ಗುರುತು ಹಾಕಿದ ಜಾಗಗಳಲ್ಲಿ ಕಟ್ಟಿದ್ದೆ. ಅವುಗಳಲ್ಲಿ ಬಂದದ್ದು ಮೊಲ, ಮುಂಗುಸಿ, ಊರ ಮೇಕೆಗಳು, ಮತ್ತು ತಂಬಿಗೆ ಹಿಡಿದು ಬಂದು ಕ್ಯಾಮೆರಾದ ಎದುರೇ ಕೂತ ಒಬ್ಬ ಗೃಹಸ್ಥ. ಒಂದು ದಿನ ಬಂಡೆಯ ಮೇಲೆ ಒಣಗಿದ ಮಲ ಕಂಡಿತು. ಮುರಿದು ನೋಡಿದರೆ ಒಳಗೆ ಉಣ್ಣೆಯ ಎಳೆಗಳಿದ್ದವು. ತೋಳದ್ದೇ ಎಂದು ಒಂದು ಕ್ಷಣ ಅನಿಸಿತು. ಆಮೇಲೆ, ಕುರಿನಾಯಿಯದಿರಬೇಕು ಎಂದುಕೊಂಡು ಬಿಟ್ಟೆ. ಹಾಗೆ ಬಿಡಲು ಕಾರಣ ಒಂದು ಪ್ರಶ್ನೆಪಟ್ಟಿಯ ನಮೂನೆ.

ನಮೂನೆ ಗುತ್ತಿಗೆಯವರದು, ಅಚ್ಚು ಹಾಕಿಸಿ ತಂದದ್ದು. ಗುಡ್ಡದ ಸುತ್ತಲಿನ ಮನೆಗಳಿಗೆ ಹೋಗಿ ತುಂಬಿಸಬೇಕಿತ್ತು. ಅದರಲ್ಲಿ ಕಾಡುಪ್ರಾಣಿಗಳ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಯಾವ ಪ್ರಾಣಿಯಿಂದ ಎಷ್ಟು ನಷ್ಟವಾಗಿದೆ? ಗುಡ್ಡದ ಬುಡದಲ್ಲಿ ಕುರುಬರ ಹನ್ನೊಂದು ಮನೆಗಳಿದ್ದವು. ಹಂದಿ ಎಂದಾಗ ಎಲ್ಲರೂ ಬೈದರು. ನವಿಲು ಶೇಂಗಾ ಕೆದರುತ್ತವೆ ಎಂದರು. ತೋಳ ಎಂದು ಕೇಳಿದಾಗ ಹನ್ನೊಂದೂ ಮನೆಯವರು ಒಂದೇ ಮಾತು ಹೇಳಿದರು: "ನಷ್ಟ ಏನೂ ಇಲ್ಲ ಬಿಡ್ರಿ."

ಕೊನೆಯ ಮನೆ ಒಬ್ಬ ಹೆಣ್ಣುಮಗಳದು. ವಯಸ್ಸು ಅರವತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ, ಸೊಸೆಯನ್ನು ಕಟ್ಟಿಕೊಂಡು ಅರವತ್ತು ಎಪ್ಪತ್ತು ಕುರಿ ಸಾಕಿದ್ದಳು. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕೋರ ಎನ್ನುತ್ತಿದ್ದಳು. ಹತ್ತೂ ದಿನ ಮಧ್ಯಾಹ್ನ ಆಕೆಯ ಅಂಗಳದಲ್ಲೇ ನನ್ನ ಊಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಬೇಡವೆಂದರೂ ಕೇಳದೆ ಮೊಸರು. ಆಕೆಯೂ ಅದನ್ನೇ ಹೇಳಿದಳು. "ತ್ವಾಳದಿಂದ ನಷ್ಟಾ? ಏನಿಲ್ರಿ ಅಕ್ಕೋರ. ಬೀರಪ್ಪ ಛಲೋ ಇಟ್ಟಾನ." ಬೀರಪ್ಪ ಅವರ ಕುಲದೇವರು.

ಕುರಿ ಕಾಯುವವರು ತೋಳದ ಕಾಟ ಇದ್ದರೆ ಸುಮ್ಮನಿರುತ್ತಾರೆಯೇ ಎಂದು ನಾನು ಯೋಚಿಸಿದೆ. ಎಷ್ಟು ಜಾಣ ಯೋಚನೆ! ತೋಳ ಎಂಬ ಸಾಲಿನ ಎದುರು ಸೊನ್ನೆ ಬರೆದೆ. ಗುಂಡಗೆ, ಚೆಂದಗೆ ಬರೆದೆ. ಅಧ್ಯಾಯದ ಕೊನೆಗೆ, ಈ ಜಾಗದಲ್ಲಿ ಅಳಿವಿನಂಚಿನ ಯಾವ ಪ್ರಾಣಿಯೂ ನೆಲೆಸಿದ ಕುರುಹಿಲ್ಲ ಎಂದು ಸೇರಿಸಿ ಸಹಿ ಹಾಕಿ ಕೊಟ್ಟುಬಿಟ್ಟೆ.

ಮಾರ್ಚಿನಲ್ಲಿ ಆಯಿಯ ಮನೆಗೆ ಮತ್ತೆ ಹೋದೆ. ಕೆಲಸಕ್ಕಲ್ಲ. ಆಕೆಯ ಸೊಸೆಗೆ ಒಂದು ಇಳಕಲ್ ಸೀರೆ ಬೇಕಾಗಿತ್ತು, ಅವ್ವ ಪರಿಚಯದವರಿಂದ ತರಿಸಿ ಕೊಟ್ಟಿದ್ದಳು. ದಾರಿಯುದ್ದಕ್ಕೂ ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಬಸ್ಸು ಇರುವೆಯಂತೆ ಹರಿಯಿತು. ನಾನು ಮುಟ್ಟುವಾಗ ಸಂಜೆಯಾಗಿ ಕುರಿಗಳು ಹಟ್ಟಿಗೆ ಬರುತ್ತಿದ್ದವು. ಆಯಿ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದಳು.

"ಒಂದ ಕಡಿಮಿ ಆತು," ಎಂದಳು ಸೊಸೆಗೆ. ತರಕಾರಿಯಲ್ಲಿ ಒಂದು ಬದನೆಕಾಯಿ ಕಡಿಮೆಯಾದಷ್ಟೇ ಸಲೀಸಾಗಿ. "ತ್ವಾಳ ಒಯ್ದಿರಬೇಕ. ಮರಿ ಹಾಕ್ಯಾವಲ್ಲ, ಹಸಿವಿ ಜಾಸ್ತಿ."

ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. "ಆಯಿ, ಇಲ್ಲಿ ತ್ವಾಳ ಅದಾವೇನ?"

"ಅದಾವೇನ ಅಂದ್ರ? ನಮ್ಮ ಮಾವನ ಕಾಲದಿಂದ ಅದಾವ್ರಿ. ನಿಮಗ ಗೊತ್ತಿಲ್ಲೇನ? ಇದನ್ನ ಕಾಲೇಜಿನಾಗ ಕಲಸ್ತೇನಿ ಅಂದಿದ್ರಿ!"

"ಮತ್ತ ನನ್ನ ಮುಂದ ನಷ್ಟ ಇಲ್ಲ ಅಂದ್ರೆಲ್ಲ!"

ಆಯಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂದು ಮರುಗಿದ ನೋಟ ಅದು. "ನಷ್ಟ ಎಲ್ಲೈತ್ರಿ? ಅದರ ಪಾಲ ಅದು ಒಯ್ತು. ತಮ್ಮ ಆಗಬೇಕ ಅದು ನಮಗ. ತಮ್ಮ ತನ್ನ ಪಾಲ ಒಯ್ದರ, ನಷ್ಟ ಆತು ಅಂತ ಯಾರರ ಬರಸ್ತಾರೇನ?"

ಆಮೇಲೆ ಕುಳ್ಳಿರಿಸಿಕೊಂಡು ಹೇಳಿದಳು. ಅಣ್ಣತಮ್ಮ ಇಬ್ಬರಿದ್ದರಂತೆ. ಪಾಲಾಗುವಾಗ ಅಣ್ಣ ಕುರಿಯನ್ನೆಲ್ಲ ತಾನಿಟ್ಟುಕೊಂಡ. ತಮ್ಮ ಸಿಟ್ಟಾಗಿ ಗುಡ್ಡ ಸೇರಿದ, ತೋಳವಾದ. ಹಸಿವಾದಾಗ ನನ್ನ ಪಾಲು ನಾನೇ ಬಂದು ಒಯ್ಯುತ್ತೇನೆ ಎಂದು ಹೇಳಿ ಹೋದನಂತೆ. ಕಾಯುವುದನ್ನು ಕಾಯಬೇಕು, ನಾಯಿ ಬಿಡಬೇಕು, ಅದು ಅಣ್ಣನ ಕೆಲಸ. ಅಷ್ಟಾಗಿಯೂ ಒಯ್ದರೆ ಒಯ್ದದ್ದು ಅವನದು. ಅದರ ಬಗ್ಗೆ ದೂರು ಹೇಳಿದರೆ ಹಟ್ಟಿ ಹೆಚ್ಚುವುದಿಲ್ಲ. ಬನಹಟ್ಟಿಯ ನನ್ನ ಅಪ್ಪ ಮತ್ತು ಕಾಕಾ ನೆನಪಾದರು. ನಾಲ್ಕು ಮಗ್ಗದ ಪಾಲಿಗಾಗಿ ಇಬ್ಬರೂ ಹದಿಮೂರು ವರ್ಷ ಕೋರ್ಟು ತುಳಿದರು. ನಮ್ಮಲ್ಲಿ ತಮ್ಮ ಒಯ್ದದ್ದನ್ನು ನಷ್ಟವೆಂದೇ ಬರೆಸಿದ್ದರು, ವಕೀಲರನ್ನು ಇಟ್ಟು ಬರೆಸಿದ್ದರು. ಹಾಗಾಗಿ ಈ ಜನ ಬೇರೆ ರೀತಿ ಯೋಚಿಸಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಹನ್ನೊಂದೂ ಮನೆಗೆ ಮತ್ತೆ ಹೋದೆ. ಈ ಸಲ ಪ್ರಶ್ನೆ ಬದಲಿಸಿದೆ. "ಈ ವರ್ಷ ತ್ವಾಳದ ಪಾಲಿಗೆ ಎಷ್ಟ ಹೋದುವು?" ಎಲ್ಲರೂ ಬೆರಳು ಮಡಚಿ ಪಟಪಟ ಹೇಳಿದರು. ಮೂರು, ಎರಡು, ನಾಲ್ಕು. ಒಬ್ಬ ಮುದುಕ, ಹೋದ ವರ್ಷದ್ದೂ ಬೇಕೇನು ಎಂದು ಕೇಳಿದ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಗುತ್ತಿಗೆಯ ಸಾಹೇಬರಿಗೆ ಫೋನು ಮಾಡಿದೆ. ತೋಳಗಳಿವೆ, ಮರಿ ಹಾಕಿವೆ, ನನ್ನ ಅಧ್ಯಾಯ ತಪ್ಪು, ವಾಪಸು ಕೊಡಿ ಎಂದೆ. ಅವರು ಬಹಳ ಸಮಾಧಾನದ ಮನುಷ್ಯ, ಆ ಸಮಾಧಾನವೇ ನನಗೆ ಮೈ ಉರಿಸುತ್ತಿತ್ತು.

"ಮೇಡಂ, ಬಾಯಿಮಾತು ಸಾಲಲ್ಲ. ನೀವೇ ಸೊನ್ನೆ ಅಂತ ಬರ್ದಿದೀರ. ಸಹಿ ಇದೆ. ವರದಿ ಪ್ರಿಂಟ್ ಆಗೋಗಿದೆ. ಮುಂದಿನ ತಿಂಗಳು ಊರಲ್ಲಿ ಅಹವಾಲು ಸಭೆ. ಫೋಟೋ ಏನಾದ್ರೂ ಇದ್ಯಾ?"

ಫೋಟೋ ಇರಲಿಲ್ಲ. ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿ ಕೂತೆ. ಸಭೆಗೆ ಹೋಗದೆ ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದೂ ಒಮ್ಮೆ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಸೊನ್ನೆ ಬರೆದ ಪ್ರಾಣಿಶಾಸ್ತ್ರದ ಅಕ್ಕೋರು ಎಂದು ಜಮಖಂಡಿಯಿಂದ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನವರೆಗೆ ಜನ ನಗುತ್ತಾರೆ. ಅವ್ವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎಪ್ಪತ್ತೈದರಲ್ಲೂ ಆಕೆಗೆ ಕೈ ಸುಮ್ಮನಿಟ್ಟು ಗೊತ್ತಿಲ್ಲ. ನೇಯುತ್ತಿದ್ದ ಕಾಲದಲ್ಲಿ ಸೀರೆಯಲ್ಲಿ ಎಲ್ಲಾದರೂ ಎಳೆ ತಪ್ಪಿದರೆ, ಆ ಜಾಗದಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟಿಯೇ ಸಾಹುಕಾರನಿಗೆ ಕೊಡುತ್ತಿದ್ದಳು. ತಪ್ಪು ಇಲ್ಲಿದೆ, ನೋಡಿಕೋ ಎಂದು. ಓಣಿಯವರು ಆಕೆಯನ್ನು ಹುಚ್ಚಿ ಎನ್ನುತ್ತಿದ್ದರು.

"ಏನ ಬೇ, ಮಾರಿ ಯಾಕ ಹಂಗ ಮಾಡ್ಕೊಂಡ ಕುಂತಿ?" ಎಂದಳು. ಎಲ್ಲವನ್ನೂ ಹೇಳಿದೆ. ಸುತ್ತುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡು ಹೇಳಿದಳು. "ತಪ್ಪಿದ್ದು ತಪ್ಪೇತಿ. ಗೊತ್ತಿಲ್ದ ತಪ್ಪೇತಿ, ಅದಕ್ಯಾರೂ ಏನನ್ನಂಗಿಲ್ಲ. ಈಗ ಗೊತ್ತಾತಲ್ಲ? ಗೊತ್ತಾದ ಮ್ಯಾಲೆ ಮಡಚಿ ಕೊಟ್ಟಿ ಅಂದ್ರ ಅದು ಕಳ್ಳತನ ಆಕ್ಕೈತಿ. ಏಳ, ಮಾರಿ ತೊಳಕೋ."

ಎದ್ದು ಮುಖ ತೊಳೆದುಕೊಂಡೆ. ಅವತ್ತಿನಿಂದ ನನಗೆ ಒಂದೇ ಧ್ಯಾಸ, ತೋಳದ ಫೋಟೋ ಬೇಕು.

ಆಯಿಗೆ ಗವಿ ಎಲ್ಲಿದೆ ಎಂದು ಗೊತ್ತಿತ್ತು. ತೋರಿಸು ಎಂದಾಗ ಮುಖ ಗಂಟಿಕ್ಕಿಕೊಂಡಳು. ಹಿಂದೊಮ್ಮೆ ಯಾರೋ ಹೊರಗಿನವರು ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಂದಿದ್ದರಂತೆ. "ಅದನ್ನಷ್ಟ ಕೇಳಬ್ಯಾಡ್ರಿ. ಬಾಣಂತಿ ಮನಿ ಅದು." ಮೂರು ದಿನ ಆಕೆಯ ಬೆನ್ನು ಬಿಡದೆ ಕುರಿಗಳ ಹಿಂದೆ ಅಲೆದೆ. ಗಣಿ ಬಂದರೆ ಗವಿಯೇ ಇರುವುದಿಲ್ಲ ಎಂದೆ, ಬಂಡೆ ಸಿಡಿಸುವ ಸದ್ದಿಗೆ ಮರಿಗಳ ಎದೆ ಒಡೆಯುತ್ತದೆ ಎಂದೆ. ನನ್ನ ಗಂಟಲು ಬಿದ್ದುಹೋಯಿತು. ನಾಲ್ಕನೆಯ ದಿನ ಆಕೆಗೇ ಸಾಕಾಯಿತು.

"ಗವಿ ತೋರಸಂಗಿಲ್ಲ. ನೀರಿಗೆ ಬರೂ ದಾರಿ ತೋರಸ್ತೇನಿ. ಜಾಗಾ ಯಾರ ಮುಂದೂ ಬಾಯಿ ಬಿಡಬಾರದ. ಬೀರಪ್ಪನ ಮ್ಯಾಲೆ ಆಣಿ ಮಾಡ್ರಿ."

ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದೆ. ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಣ್ಣ ಒರತೆ, ಪಕ್ಕದಲ್ಲಿ ಓರೆಯಾಗಿ ಬೆಳೆದ ಒಂದು ಬನ್ನಿಗಿಡ. ಇನ್ನೂ ನನ್ನ ಬಳಿಯೇ ಉಳಿದಿದ್ದ ಗುತ್ತಿಗೆಯವರ ಒಂದು ಕ್ಯಾಮೆರಾ ಕಟ್ಟಿ ಬಂದೆ. ಆರನೆಯ ದಿನ ತೆಗೆದು ನೋಡಿದೆ. ತಾಯಿ ತೋಳ ನೀರು ಕುಡಿಯುತ್ತಿತ್ತು, ಪಕ್ಕೆ ಒಳಗೆ ಹೋಗಿ ಎಲುಬು ಎಣಿಸಬಹುದಿತ್ತು. ಹಿಂದೆ ನಾಲ್ಕು ಮರಿಗಳು, ಒಂದು ಇನ್ನೊಂದರ ಬಾಲ ಕಚ್ಚಿಕೊಂಡು. ನಾನು ಅಲ್ಲೇ ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ, ನನ್ನ ಸದ್ದಿಗೆ ಮತ್ತೆ ಎಲ್ಲ ಓಡಿಹೋದೀತೆಂದು.

ಫೋಟೋ ಕಳಿಸಿದಾಗ ಗುತ್ತಿಗೆಯ ಸಾಹೇಬರು, "ಸೂಪರ್ ಮೇಡಂ, ಇದನ್ನ ಮುಂದಿನ ಹಂತದಲ್ಲಿ ಸೇರಿಸೋಣ," ಎಂದರು. ಗಣಿ ಶುರುವಾದ ಮೇಲೆ ಬರುವ ಹಂತವಂತೆ ಅದು. ಸಭೆಗೆ ನೀವು ಬರುವ ಅಗತ್ಯವಿಲ್ಲ ಎಂದೂ ಸೇರಿಸಿದರು. ಅಷ್ಟು ಸಾಕಾಗಿತ್ತು ನನಗೆ.

ಸಭೆ ಶಾಲೆಯ ಬಯಲಿನಲ್ಲಿ ನಡೆಯಿತು. ಶಾಮಿಯಾನ, ಕುರ್ಚಿ, ಗೋಡೆಗೆ ಬಿಳಿ ಪರದೆ. ಗಣಿ ಬಂದರೆ ಕೆಲಸ ಸಿಗುತ್ತದೆ ಎನ್ನುವವರೂ ಇದ್ದರು, ಅವರದೇನೂ ತಪ್ಪಿರಲಿಲ್ಲ. ಸಾಹೇಬರು ವರದಿಯ ಸಾರಾಂಶ ಓದುತ್ತ ಪ್ರಾಣಿಗಳ ಅಧ್ಯಾಯಕ್ಕೆ ಬಂದರು. ಅಳಿವಿನಂಚಿನ ಪ್ರಾಣಿಗಳಿಲ್ಲ ಎಂದು ಓದಿದಾಗ ನಾನು ಎದ್ದು ನಿಂತೆ. ಮೈಕು ಕೊಡಲಿಲ್ಲ. ಅದು ನನಗೆ ಬೇಕಾಗಿಯೂ ಇರಲಿಲ್ಲ.

"ಆ ಮಾತ ಬರದಾಕಿ ನಾನ. ಅದು ಸುಳ್ಳೈತಿ. ತಪ್ಪ ನಂದು, ಎಲ್ಲಾರ ಮುಂದ ಒಪ್ಕೋತೇನಿ. ಗುಡ್ಡದಾಗ ತ್ವಾಳ ಅದಾವು, ಮರಿ ಅದಾವು. ನನ್ನ ಸಹಿ ನಾ ವಾಪಸ್ ತಗೋತೇನಿ."

ಗದ್ದಲವಾಯಿತು. "ಆವಾಗ ನಿದ್ದಿ ಮಾಡಾಕತ್ತಿದ್ರೇನ್ರಿ ಅಕ್ಕೋರ?" ಎಂದು ಯಾರೋ ಕೂಗಿದರು. "ಹೌದು, ಮಾಡಾಕತ್ತಿದ್ನಿ. ಈಗ ಎದ್ದೇನಿ," ಎಂದೆ. ಸಭೆ ನಡೆಸುತ್ತಿದ್ದ ಅಧಿಕಾರಿ ಎಲ್ಲರನ್ನೂ ಸುಮ್ಮನಾಗಿಸಿ ಪುರಾವೆ ಕೇಳಿದರು. ಪೆನ್ ಡ್ರೈವ್ ಕೊಟ್ಟೆ. ಬಿಳಿ ಪರದೆಯ ಮೇಲೆ ತಾಯಿ ತೋಳ ಆಳೆತ್ತರವಾಗಿ ಮೂಡಿತು. ಅಧಿಕಾರಿ ಬಹಳ ಹೊತ್ತು ನೋಡಿ ಬರೆಸಿದರು: ಈ ಅಧ್ಯಾಯ ಒಪ್ಪಿಗೆಯಿಲ್ಲ, ಹೊಸ ತಂಡದಿಂದ ಬರುವ ಫೆಬ್ರವರಿ ಕೊನೆಯವರೆಗೆ ಮೂರೂ ಕಾಲಗಳಲ್ಲಿ ಸಮೀಕ್ಷೆ ಆಗಬೇಕು, ಅಷ್ಟರೊಳಗೆ ಸಾರ್ವಜನಿಕರು ಯಾರು ಬೇಕಾದರೂ ಪುರಾವೆ ಕೊಡಬಹುದು.

"ಅಷ್ಟರಲ್ಲಿ ತೋಳ ಕಾಣಿಸ್ದಿದ್ರೆ ಸರ್?" ಎಂದು ಗುತ್ತಿಗೆಯ ಸಾಹೇಬರು ಕೇಳಿದರು.

"ಕಾಣಿಸದಿದ್ದರೆ, ಅವು ಇಲ್ಲಿ ನೆಲೆಸಿಲ್ಲ, ಹಾದುಹೋಗಿವೆ ಅಂತ ಅರ್ಥ. ಗಣಿಗೆ ಅಡ್ಡಿಯಿಲ್ಲ," ಎಂದರು ಅಧಿಕಾರಿ.

ಗೆದ್ದೆ ಎಂದುಕೊಂಡು ಆಯಿಯನ್ನು ಹುಡುಕಿದೆ. ಆಕೆ ಹೆಂಗಸರ ಸಾಲಿನ ಕೊನೆಯಲ್ಲಿ ಪರದೆಯ ಕಡೆ ನೋಡುತ್ತ ನಿಂತಿದ್ದಳು. ಮುಖದಲ್ಲಿ ನೆತ್ತರೇ ಇರಲಿಲ್ಲ. ನಾನೂ ಪರದೆಯ ಕಡೆ ತಿರುಗಿದೆ. ಆಗ ಕಂಡಿತು. ತೋಳದ ಹಿಂದೆ ಆ ಎರಡು ಬಂಡೆ, ಆ ಓರೆ ಬನ್ನಿಗಿಡ. ಆ ಊರಲ್ಲಿ ಹುಟ್ಟಿದ ಯಾರಿಗೆ ಅದು ಗೊತ್ತಿಲ್ಲ? ನಾನು ಬಾಯಿ ಬಿಟ್ಟಿರಲಿಲ್ಲ, ಫೋಟೋ ಎಲ್ಲವನ್ನೂ ಹೇಳಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಒರತೆಯ ಹತ್ತಿರ ಜಾತ್ರೆಯೇ ಕೂಡಿತು. ಮೋಟರ್ ಸೈಕಲ್ ಮೇಲೆ ಬಂದರು, ಮೊಬೈಲು ಹಿಡಿದು ಬಂದರು, ಚಿಮ್ಮಡದಿಂದಲೂ ಬಂದರಂತೆ. ಯಾರೂ ಕೆಟ್ಟದ್ದು ಮಾಡಲು ಬಂದವರಲ್ಲ, ನೋಡಲು ಬಂದವರು. ಎರಡೇ ದಿನದಲ್ಲಿ ತಾಯಿ ತೋಳ ಒಂದೊಂದಾಗಿ ಮರಿಗಳನ್ನು ಕಚ್ಚಿಕೊಂಡು ಎಲ್ಲಿಗೋ ಹೋಗಿಬಿಟ್ಟಿತು. ನಾನು ಹೋದಾಗ ಆಯಿ ಅಂಗಳದಲ್ಲಿ ಕೂತಿದ್ದಳು. ರೀ ಎನ್ನುವುದನ್ನು ಅವತ್ತು ಬಿಟ್ಟಳು.

"ಆಣಿ ಮಾಡಿದ್ದಿಲ್ಲ ನೀನು?"

"ನಾ ಹೇಳಿಲ್ಲ ಆಯಿ..."

"ನೀ ಹೇಳಿಲ್ಲ, ಖರೆ. ನಿನ್ನ ಡಬ್ಬಿ ಹೇಳ್ತಲ್ಲ! ಹೋಗ, ನಮ್ಮ ಅಂಗಳಕ್ಕ ಬರಬ್ಯಾಡ."

ಅಂಗಳಕ್ಕೆ ಹೋಗಲಿಲ್ಲ. ಗುಡ್ಡಕ್ಕೆ ಹೋಗುವುದನ್ನು ಬಿಡಲೂ ಇಲ್ಲ. ಪ್ರತಿ ಭಾನುವಾರ ಮತ್ತು ಸಿಕ್ಕ ರಜೆಯ ದಿನಗಳೆಲ್ಲ ಗುಡ್ಡಕ್ಕೇ ಹೋದವು. ನನ್ನ ಖರ್ಚಿನಲ್ಲೇ ಎರಡು ಹಳೆಯ ಕ್ಯಾಮೆರಾ ಕೊಂಡೆ. ಅವನ್ನು ಮೊಣಕಾಲಿಗಿಂತ ಕೆಳಗೆ, ನೆಲದ ಕಡೆ ಮುಖ ಮಾಡಿ ಕಟ್ಟುವುದನ್ನು ಕಲಿತೆ, ಮತ್ತೆಂದೂ ಬಂಡೆಯಾಗಲಿ ಗಿಡವಾಗಲಿ ಕಾಣದ ಹಾಗೆ. ಬೇಸಿಗೆಯಲ್ಲಿ ಹೊಸ ತಂಡ ಬಂದು ಹೋಯಿತು, ಏನೂ ಸಿಗಲಿಲ್ಲ. ಮಳೆಗಾಲದಲ್ಲಿ ಬಂತು, ಏನೂ ಸಿಗಲಿಲ್ಲ. ನನಗೂ ಸಿಗಲಿಲ್ಲ. ಕೆಸರಿನಲ್ಲಿ ಜಾರಿ ಬಿದ್ದು ಮೊಣಕೈ ಮುರಿದುಕೊಂಡೆ. ಕಟ್ಟು ಹಾಕಿಸಿಕೊಂಡು ಮೂರನೆಯ ಭಾನುವಾರ ಮತ್ತೆ ಹತ್ತಿದೆ. "ಹುಚ್ಚ ಹಿಡದೈತಿ ನಿನಗ," ಎಂದಳು ಅವ್ವ. ಎಂದವಳೇ ರೊಟ್ಟಿ ಕಟ್ಟಿಕೊಟ್ಟಳು.

ಹಟ್ಟಿಹಬ್ಬದ ಮರುದಿನ, ದೀಪಾವಳಿಯ ಪಾಡ್ಯ ಮುಗಿದ ಮೇಲೆ, ಗುಡ್ಡ ಇಳಿಯುತ್ತಿದ್ದಾಗ ಆಯಿ ಎದುರು ನಿಂತಳು. ಏಳು ತಿಂಗಳಲ್ಲಿ ಮೊದಲ ಸಲ. ಕೈಯ ಕಟ್ಟಿನ ಗುರುತು ನೋಡಿದಳು, ಹರಿದ ಚಪ್ಪಲಿ ನೋಡಿದಳು.

"ಇನ್ನೂ ಹುಡುಕಾಕತ್ತೀ ಏನ?"

"ಹೌದು ಆಯಿ. ಶಿವರಾತ್ರಿ ಒಳಗ ಸಿಗಲಿಲ್ಲಂದ್ರ ಗಣಿ ಬರತೈತಿ."

ಆಕೆ ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. "ಏಳ ತಿಂಗಳಾತ ಬೇ," ಎಂದಳು. "ಒಂದೂ ಕುರಿ ಹೋಗಿಲ್ಲ. ದಿನಾ ಸಂಜೀಕ ಬೆನ್ನ ಮುಟ್ಟಿ ಬಿಡತೇನಿ. ಎಲ್ಲಾ ಬರತಾವ. ಎಲ್ಲಾ ಬರತಾವ." ಗಂಡ ಸತ್ತ ಸುದ್ದಿ ಹೇಳುವವರ ಹಾಗಿತ್ತು ಆಕೆಯ ದನಿ. ಸೆರಗಿನಿಂದ ಮೂಗು ಒರೆಸಿಕೊಂಡು, "ಊಟ ಮಾಡಿ ಏನ?" ಎಂದು ಕೇಳಿದಳು. ಮಾಡಿಲ್ಲ ಎಂದೆ. ಮನೆಗೆ ಕರೆದುಕೊಂಡು ಹೋಗಿ ಬಡಿಸಿದಳು. ಅವತ್ತಿನಿಂದ ನಾವು ಇಬ್ಬರಾದೆವು. ನಾನಿಲ್ಲದ ದಿನ ಆಕೆಯೇ ಕುರಿಗಳ ಹಿಂದೆ ಹೋಗುವಾಗ ಮಣ್ಣು ನೋಡುತ್ತಿದ್ದಳು, ಬಂಡೆಯ ಸಂದು ನೋಡುತ್ತಿದ್ದಳು. ಹೊಸ ತಂಡದವರು ಚಳಿಗಾಲದ ಸಮೀಕ್ಷೆಯನ್ನೂ ಮುಗಿಸಿ ಮತ್ತೆ ಸೊನ್ನೆ ಬರೆದುಕೊಂಡು ಹೋದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ, ಇದ್ದದ್ದೇ ಸೊನ್ನೆ.

ಫೆಬ್ರವರಿಯಲ್ಲಿ, ಪುರಾವೆ ಕೊಡಲು ಇನ್ನು ಹನ್ನೆರಡು ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ನಾನು ತರಗತಿಯಲ್ಲಿದ್ದೆ. ಫೋನು ಮೇಜಿನ ಮೇಲೆ ಗುರುಗುಟ್ಟಿತು. ಆಯಿಯ ಸೊಸೆಯ ನಂಬರು. ಆಯಿ ಜೀವಮಾನದಲ್ಲಿ ಫೋನು ಮುಟ್ಟಿದವಳಲ್ಲ. ಕಿವಿಗಿಟ್ಟರೆ ಆಕೆಯೇ, ಗುಡ್ಡದಿಂದ ಗುಡ್ಡಕ್ಕೆ ಕೂಗುವ ಹಾಗೆ ಕೂಗುತ್ತಿದ್ದಳು. ಎದುರಿಗಿದ್ದ ಅರವತ್ತು ಹುಡುಗಿಯರಿಗೂ ಕೇಳಿಸಿತು.

"ಒಯ್ತ ಬೇ! ಒಯ್ತು! ಈಗ ಬೆಳಕ ಹರಿಯೂದಕ, ನನ್ನ ಕಣ್ಣ ಮುಂದ ಒಯ್ತು!"

ಪುಸ್ತಕ ಮುಚ್ಚಿದೆ. "ಯಾವ ಕುರಿ ಆಯಿ?"

"ಎಲ್ಲಾದ್ರಾಗ ಛಲೋ ಇದ್ದದ್ದ. ಕರಿ ಮಾರಿ ಮರಿ, ಅದನ್ನ ಒಯ್ತು ಭಾಡ್ಯಾ!" ಆಕೆ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ಎರಡ ಬಂದಿದ್ವು. ಹೆಜ್ಜಿ ಮ್ಯಾಲೆ ಬುಟ್ಟಿ ಮುಚ್ಚಿಟ್ಟೇನಿ, ಯಾರೂ ತುಳೀಬಾರದಂತ. ನಿನ್ನ ಡಬ್ಬಿ ತಗೊಂಡ ಲಗೂ ಬಾ. ನಮ್ಮ ಸೊಸಿ ಹನ್ನೊಂದೂ ಮನಿಗೆ ಸಕ್ಕರಿ ಹಂಚಾಕ ಹೋಗ್ಯಾಳ."